ಅಪ್ಪನನ್ನ ಬಿಟ್ಟು ಎಲ್ರನ್ನೂ ಕೇಳಿದೀರಿ

ಪ್ರಶ್ನೆ: ನಮ್ಮದು ಆಲೂರು ಹತ್ರ ಹಳ್ಳಿ. ಅಪ್ಪನಿಗೆ 81 ವರ್ಷ, ಶ್ವಾಸಕೋಶದ ಕ್ಯಾನ್ಸರ್ ಲಿವರ್‌ಗೂ ಹರಡಿದೆ, ಹಾಸನದಲ್ಲಿ ಅಡ್ಮಿಟ್ ಮಾಡಿದೀವಿ. ಅವರಿಗೆ ಬರೀ ಇನ್ಫೆಕ್ಷನ್ ಅಂತ ಹೇಳಿದೀವಿ. ಉಸಿರಾಟ ಜಾಸ್ತಿ ಕಷ್ಟ ಆದ್ರೆ ವೆಂಟಿಲೇಟರ್ ಹಾಕ್ಬೇಕಾ ಅಂತ ಡಾಕ್ಟರು ಕೇಳ್ತಿದಾರೆ. ಅಣ್ಣ ತೋಟ ಮಾರಿಯಾದ್ರೂ ಬೆಂಗಳೂರಿಗೆ ಕರ್ಕೊಂಡು ಹೋಗೋಣ ಅಂತಾನೆ. ನಂಗೆ ಮನೆಗೆ ಕರ್ಕೊಂಡು ಬರ್ಬೇಕು ಅನ್ಸುತ್ತೆ, ಆದ್ರೆ ಅಪ್ಪನ್ನ ಸಾಯೋಕೆ ಬಿಟ್ಳು ಅಂತಾರೇನೋ. ಮೊನ್ನೆ ಅಪ್ಪ ಮೆಣಸು ಕುಯ್ಸಿದ್ರಾ ಅಂತ ಕೇಳಿದ್ರು, ಅಳು ಬಂತು.

ಉತ್ತರ: ನೋಡಮ್ಮ, ಅಣ್ಣ ಏನಂದ, ಡಾಕ್ಟರು ಏನಂದ್ರು, ಊರವರು ಏನಂದಾರು ಎಲ್ಲ ಬರ್ದಿದೀಯ, ಅಪ್ಪನಿಗೆ ಏನ್ ಬೇಕು ಅನ್ನೋದೇ ಇಲ್ಲ. ಹಾಸಿಗೆ ಮೇಲೆ ಮಲ್ಕೊಂಡೂ ಮೆಣಸಿನ ಲೆಕ್ಕ ಕೇಳೋ ಮನುಷ್ಯನಿಗೆ ತನ್ನ ಮೈಗೆ ಏನಾಗಿದೆ ಅಂತ ತಿಳ್ಕೊಳ್ಳೋ ಹಕ್ಕಿಲ್ವಾ? ಗೊತ್ತಾದ್ರೆ ಎದೆ ಒಡ್ಕೊಂಡ್ಬಿಡ್ತಾರೆ ಅನ್ನೋ ಭಯ ನಂಗೆ ಅರ್ಥ ಆಗುತ್ತೆ, ಆದ್ರೆ ಮಕ್ಕಳು ಕಾರಿಡಾರಲ್ಲಿ ಪಿಸುಗುಟ್ಟಿ ಕಣ್ಣೊರ್ಸ್ಕೊಂಡು ಒಳಗೆ ಬರೋದು ಅವರಿಗೆ ಕಾಣಲ್ವಾ, ಅರ್ಧ ಊಹೆ ಮಾಡ್ಕೊಂಡೇ ಇರ್ತಾರೆ, ಯಾರೂ ಬಾಯಿ ಬಿಡದೆ ಇರೋದ್ರಿಂದ ಒಬ್ರೇ ಒದ್ದಾಡ್ತಿರ್ತಾರೆ. ಒಂದೇ ಸಲ ಎಲ್ಲ ಹೇಳ್ಬೇಡಿ. "ಅಪ್ಪ, ನಿಮ್ಮ ಕಾಯಿಲೆ ಬಗ್ಗೆ ಡಾಕ್ಟರು ಹೇಳಿದ್ದು ನಿಮಗೂ ಹೇಳ್ಲಾ, ನಾವೇ ನೋಡ್ಕೊಳ್ಳೋದಾ?" ಅಂತ ಕೇಳು. ನೀವೇ ನೋಡ್ಕೊಳ್ಳಿ ಅಂದ್ರೆ ಅದೂ ಅವರ ತೀರ್ಮಾನವೇ. ಕೇಳೋದನ್ನ ಮಾತ್ರ ಮುಂದೂಡ್ಬೇಡ, ವೆಂಟಿಲೇಟರ್ ಟ್ಯೂಬ್ ಹಾಕಿದ ಮೇಲೆ ಮಾತಾಡಕ್ಕಾಗಲ್ಲ.

ಕಾನೂನಿನ ಭಯ ಬೇಡ. ಪೂರ್ತಿ ಪ್ರಜ್ಞೆ ಇರೋ ವ್ಯಕ್ತಿ ಚಿಕಿತ್ಸೆ ಬೇಡ ಅನ್ನಬಹುದು, 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟವಾಗಿ ಹೇಳಿದೆ. ಅಪ್ಪ ತಮ್ಮ ಇಷ್ಟ ಬರೆದಿಡ್ತೀನಿ ಅಂದ್ರೆ ಇಬ್ಬರು ಸಾಕ್ಷಿಗಳ ಮುಂದೆ ಸೈನ್ ಹಾಕಿ ನೋಟರಿ ಇಲ್ಲಾ ಗೆಜೆಟೆಡ್ ಅಧಿಕಾರಿ ಹತ್ರ ದೃಢೀಕರಿಸಿದ್ರೆ ಆಯ್ತು, 2023ರಲ್ಲಿ ಕೋರ್ಟೇ ಇಷ್ಟು ಸುಲಭ ಮಾಡಿದೆ. ಪ್ರಜ್ಞೆ ತಪ್ಪಿದ ಮೇಲಾದ್ರೆ ಅಂಥ ಚಿಕಿತ್ಸೆ ನಿಲ್ಲಿಸೋಕೆ ಡಾಕ್ಟರುಗಳ ಎರಡು ಬೋರ್ಡ್ ಒಪ್ಬೇಕು, ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಅದಕ್ಕೆ ಆದೇಶ ಮಾಡಿದೆ.

ಅಣ್ಣನ ಜೊತೆ ಜಗಳ ಆಡ್ಬೇಡ. ಅವನಿಗೆ ದುಡ್ಡು ಸುರಿಯೋದೊಂದೇ ದಾರಿ ಕಾಣುತ್ತೆ, ಅದೂ ಪ್ರೀತಿನೇ. ಇಬ್ರೂ ಸೇರಿ ಡಾಕ್ಟರ್‌ನ ನೇರವಾಗಿ ಕೇಳಿ: ವೆಂಟಿಲೇಟರ್ ಹಾಕಿದ್ರೆ ಅದರಿಂದ ಹೊರಗೆ ಬರ್ತಾರಾ, ಬಂದ್ರೂ ಹೇಗಿರ್ತಾರೆ, ಕ್ಯಾನ್ಸರ್‌ಗೆ ಇನ್ನೇನಾದ್ರೂ ಉಳಿದಿದ್ಯಾ.

ಮನೆಗೆ ಹೋಗೋಣ ಅಂತ ಅಪ್ಪ ಅಂದ್ರೆ ಸುಮ್ನೆ ಒಂದು ಸೈನ್ ಹಾಕಿ ಆಂಬ್ಯುಲೆನ್ಸ್ ಹತ್ತಿಸ್ಕೊಂಡು ಬರ್ಬೇಡ, ನಮ್ಮ ಕಡೆ ತುಂಬಾ ಜನ ಮಾಡೋದೇ ಹಂಗೆ, ಆಮೇಲೆ ರಾತ್ರಿ ನೋವು ತಡೀಲಾರದೆ ನರಳ್ತಿರ್ತಾರೆ, ಮನೇಲಿ ಒಂದು ಮಾತ್ರೆ ಇರಲ್ಲ. ಮಾರ್ಫಿನ್ ನೋವಿಗೂ ಆಗುತ್ತೆ, ಉಸಿರುಗಟ್ಟೋ ಸಂಕಟಾನೂ ತಗ್ಗಿಸುತ್ತೆ, ಆದ್ರೆ ಎಲ್ಲಾ ಮೆಡಿಕಲ್‌ನಲ್ಲಿ ಸಿಗಲ್ಲ. ಡಿಸ್ಚಾರ್ಜ್‌ಗೆ ಮುಂಚೆನೇ ಚೀಟಿ ಬರೆಸ್ಕೊಂಡು ಔಷಧಿ ಕೈಗೆ ತಗೋ, ರಾತ್ರಿ ಯಾರಿಗೆ ಫೋನ್ ಮಾಡ್ಬೇಕು ಅಂತ ಕೇಳ್ಕೊ, ಆಮೇಲೆ ಹೊರಡು.