ಮಧ್ಯಾಹ್ನ ಎರಡು ಗಂಟೆಯ ಅಪ್ಪ

"ಮಗು ಪುಟ್ಟದಿದ್ದಾಗಿನ ಯಾವ ನೆನಪು ನಿಮಗೆ ಜಾಸ್ತಿ ಇಷ್ಟ?" ಅಂತ ಕೇಳಿದ್ದೀರಿ. ಮೊದಲ ಹೆಜ್ಜೆ, ಮೊದಲ ಮಾತು ಅಂತ ಹೇಳಬೇಕು ಅಲ್ವಾ? ಅವೆರಡೂ ನಾನು ನೋಡಲೇ ಇಲ್ಲ. ಎರಡು ಸಲವೂ ಆಫೀಸಿನಲ್ಲಿದ್ದೆ. ನನ್ನ ಪಾಲಿಗೆ ಸಿಕ್ಕಿದ್ದು ಒಂದು ಬೇಸಿಗೆಯ ಮಧ್ಯಾಹ್ನಗಳು. ಅದೂ ಬಿಸಿಲಿನ ಪುಣ್ಯದಿಂದ.

ನಮ್ಮದು ಕಲಬುರಗಿ. ನಾನು ಸರ್ಕಾರಿ ಗುಮಾಸ್ತ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಅದಕ್ಕೇ ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ. ಬೆಂಗಳೂರಿನ ಗೆಳೆಯರು ಇದನ್ನು ಕೇಳಿ ಹೊಟ್ಟೆ ಉರಿದುಕೊಳ್ಳುತ್ತಾರೆ. ಮೇ ತಿಂಗಳಲ್ಲಿ ಬಂದು ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನೋ ಪೇಟೆ ಬೀದಿಯಲ್ಲಿ ಮಧ್ಯಾಹ್ನ ಹತ್ತು ನಿಮಿಷ ನಿಂತು ತೋರಿಸ್ರಪ್ಪಾ ಅಂದರೆ ಸುಮ್ಮನಾಗುತ್ತಾರೆ.

ಬೇರೆ ದಿನ ನಾನು ಮನೆ ಸೇರುವಷ್ಟರಲ್ಲಿ ಮಗಳಿಗೆ ಅರ್ಧ ನಿದ್ದೆ. ಬೇಸಿಗೆಯಲ್ಲಿ ಮಾತ್ರ ಎರಡಕ್ಕೆಲ್ಲ ಮನೆ. ಅವಳಿಗೆ ಎರಡು ವರ್ಷವಿದ್ದ ಬೇಸಿಗೆಯ ಮಾತಿದು. ಮುಖಕ್ಕೆ ಟವೆಲ್ ಸುತ್ತಿಕೊಂಡು ಬೈಕಿನಲ್ಲಿ ಬರುತ್ತಿದ್ದೆ. ಮೊದಲ ದಿನ ಆ ಅವತಾರ ನೋಡಿ ಮಗಳು ಚಿಟ್ಟನೆ ಚೀರಿ ಆಯಿ, ಅಂದರೆ ನಮ್ಮವ್ವನ, ಸೆರಗಿನಲ್ಲಿ ಅಡಗಿದಳು. ಟವೆಲ್ ಬಿಚ್ಚಿದರೆ ಅಪ್ಪ! ಮಾರನೇ ದಿನದಿಂದ ಅದೇ ಆಟ. ನಾನು ಬಾಗಿಲಲ್ಲಿ ಬಗ್ಗಿ ನಿಲ್ಲಬೇಕು, ಅವಳು ಟವೆಲ್ ಎಳೆಯಬೇಕು, "ಅಪ್ಪಾ ಬಂದಾ!" ಅಂತ ಕೂಗಬೇಕು. ಒಂದು ದಿನ ಮರೆತು ಹೊರಗೇ ಬಿಚ್ಚಿಕೊಂಡು ಬಂದೆ. ಅತ್ತು ರಂಪ ಮಾಡಿದಳು. ಮತ್ತೆ ಸುತ್ತಿಕೊಂಡು, ಗೇಟಿನ ತನಕ ಹೋಗಿ, ವಾಪಸ್ ಬಂದೆ.

ಊಟಕ್ಕೆ ನಮ್ಮವ್ವ ಕೊನೆಯ ಹಿಟ್ಟಿನಲ್ಲಿ ಅವಳಿಗೆ ಅಂಗೈಯಷ್ಟು ರೊಟ್ಟಿ ಬಡಿದು ಕೊಡುತ್ತಿದ್ದಳು. ಅದನ್ನು ಅವಳು ತಿಂದದ್ದು ಕಡಿಮೆ. ಬ್ಯಾಳಿಯಲ್ಲಿ ಅದ್ದಿ ಅದ್ದಿ ನನ್ನ ಬಾಯಿಗೆ ಇಡುವುದೇ ಕೆಲಸ. ಆಫೀಸಿನ ಅಂಗಿಗೆಲ್ಲ ಅರಿಶಿಣದ ಕಲೆ.

ಆಮೇಲೆ ಕೂಲರ್. ನಮ್ಮಲ್ಲಿ ಎಸಿ ಇಲ್ಲ. ಕೂಲರಿಗೆ ನೀರು ತುಂಬುವುದು ತನ್ನದೇ ಡ್ಯೂಟಿ ಅಂತ ಅವಳೇ ತೀರ್ಮಾನ ಮಾಡಿಕೊಂಡಿದ್ದಳು. ನಾನು ಕೊಡ ತಂದರೆ ಅವಳು ಒಂದು ಪುಟ್ಟ ಸ್ಟೀಲ್ ಗ್ಲಾಸು. ಬಚ್ಚಲಿಂದ ಬರುವಷ್ಟರಲ್ಲಿ ಅರ್ಧ ನೆಲಕ್ಕೆ, ಅರ್ಧ ಮೈಮೇಲೆ. ನಮ್ಮದು ಹಳೇ ಮನೆ, ಶಹಾಬಾದ್ ಫರ್ಸಿ ಕಲ್ಲಿನ ನೆಲ. ಅದರ ಮೇಲೆ ಅವಳ ಒದ್ದೆ ಪಾದದ ಗುರುತು ಸಾಲಾಗಿ ಬೀಳುತ್ತಿತ್ತು. ಗ್ಲಾಸು ಖಾಲಿ ಮಾಡಿ ತಿರುಗಿ ನೋಡುವಷ್ಟರಲ್ಲಿ ಹಿಂದಿನವು ಆರಿಹೋಗಿರುತ್ತಿದ್ದವು.

"ಅಪ್ಪಾ, ಕಾಲು ಎಲ್ಲಿ ಹೋದ್ವು?"

"ಬಿಸಿಲು ಕುಡೀತವ್ವಾ."

ಸೀದಾ ಬಾಗಿಲಿಗೆ ಹೋಗಿ, ಸೊಂಟಕ್ಕೆ ಕೈ ಇಟ್ಟು, "ಏ ಬಿಸಲಾ, ಕೊಡು!" ಅಂತ ಬೈದಳು. ಹಾಗೆ ಕೈ ಇಡುವುದನ್ನು ಎಲ್ಲಿಂದ ಕಲಿತಳೋ. ನನ್ನ ಹೆಂಡತಿ ತಾನಲ್ಲ ಅನ್ನುತ್ತಾಳೆ.

ಆ ಬೇಸಿಗೆಯದು ಒಂದೇ ಒಂದು ಫೋಟೋ ಇಲ್ಲ. ಬಿಸಿಲಲ್ಲಿ ಬಂದು ಫೋನ್ ಕೆಳಗಿಟ್ಟಿದ್ದೆ. ಮುಟ್ಟಿ ನೋಡಿ "ಸುಡ್ತದ" ಅಂದಳು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಫೋನ್ ಕೂಲರಿನ ನೀರಿನಲ್ಲಿ ತಣ್ಣಗೆ ಮಲಗಿತ್ತು. ಪಾಪ, ಅದಕ್ಕೂ ಸೆಖೆ ಅಂತ ಹಾಕಿದ್ದಳು. ಆವತ್ತು ನನಗೆ ಅದೇನೂ ಮುದ್ದು ಅನ್ನಿಸಲಿಲ್ಲ. ಜೋರಾಗಿ ಗದರಿದೆ. ನಮ್ಮವ್ವ ನನಗೇ ಬೈದಳು: "ಕೂಸಿನ ಕೈಗೆ ಸಿಗೋ ಹಂಗ ಇಟ್ಟೋನು ಯಾರು?" ಅಷ್ಟರಲ್ಲಿ ಕರೆಂಟ್ ಹೋಯಿತು. ಮಗಳು ಬಿಕ್ಕುತ್ತಲೇ ಬರೀ ಫರ್ಸಿ ಮೇಲೆ ಬೋರಲು ಬಿದ್ದು ನಿದ್ದೆ ಹೋದಳು. ಎದ್ದಾಗ ಕೆನ್ನೆ ಮೇಲೆ ಕಲ್ಲಿನ ಸಂದಿಯ ಗೆರೆ ಮೂಡಿತ್ತು.

ಈಗ ಅವಳು ನಾಲ್ಕನೇ ಕ್ಲಾಸು. ಇದ್ಯಾವುದೂ ಅವಳಿಗೆ ನೆನಪಿಲ್ಲ, ಆ ವಯಸ್ಸಿನದು ಹೆಚ್ಚಿನವರಿಗೆ ಉಳಿಯುವುದಿಲ್ಲ. ಮೊನ್ನೆ ಏಪ್ರಿಲ್‌ನಲ್ಲಿ ಮತ್ತೆ ಕಚೇರಿ ವೇಳೆ ಬದಲಾಯಿತು. ಟವೆಲ್ ಸುತ್ತಿಕೊಂಡೇ ಬಂದು ಬಾಗಿಲಲ್ಲಿ ಒಂದು ನಿಮಿಷ ಸುಮ್ನೆ ನಿಂತೆ. ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಅಪ್ಪಾ, ಬಾಗಿಲು ಹಾಕು. ಬಿಸಿ ಗಾಳಿ ಬರ್ಲಾಕತ್ತದ."