ಓದುಗರ ಪ್ರಶ್ನೆ: ನೀರು ಹೊರುವವರ ಸಿನಿಮಾ

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಬೆಂಗಳೂರಿನ ಕಾಲೇಜುಗಳ ಚಿತ್ರೋತ್ಸವದ ಸುತ್ತಲೇ ಇವೆ. ಹೀಗಾಗಿ ನಟ ನಟಿಯರ ಮದುವೆ, ವಯಸ್ಸು ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ನಮ್ಮ ಕಾಲೇಜಿನಲ್ಲಿ ‘ಮನುಷ್ಯ ಮತ್ತು ಪರಿಸರ’ ಎಂಬ ವಿಷಯ ಇಟ್ಟುಕೊಂಡು ಏಷ್ಯಾದ ಚಿತ್ರಗಳ ಎರಡು ದಿನದ ಉತ್ಸವ ಮಾಡಲಿದ್ದೇವೆ. ಜಾಗೃತಿ ಮೂಡಿಸುವ ಸಾಕ್ಷ್ಯಚಿತ್ರಗಳನ್ನೇ ತೋರಿಸಿ ಎನ್ನುತ್ತಾರೆ ಪ್ರಾಂಶುಪಾಲರು. ನಮಗೆ ಕಥಾಚಿತ್ರಗಳ ಮೇಲೆ ಆಸೆ. ಯಾವುದನ್ನು ಹಾಕಬಹುದು, ಮೇಡಂ?
— ಪದವಿ ವಿದ್ಯಾರ್ಥಿನಿ, ಕೆಂಗೇರಿ

ಪ್ರಾಂಶುಪಾಲರಿಗೆ ನನ್ನ ನಮಸ್ಕಾರ ತಿಳಿಸಿ. ಪ್ಲಾಸ್ಟಿಕ್ ಕೆಟ್ಟದ್ದು, ಮರ ಒಳ್ಳೆಯದು ಎಂದು ಹೇಳುವುದಕ್ಕೆ ಎರಡು ದಿನ ಸಭಾಂಗಣ ಹಿಡಿಯಬೇಕಿಲ್ಲ. ನಿಮ್ಮ ವಯಸ್ಸಿನವರಿಗೆ ಅದು ಪ್ರಾಥಮಿಕ ಶಾಲೆಯಿಂದಲೇ ಬಾಯಿಪಾಠ. ಇಂಥ ಉತ್ಸವಕ್ಕೆ ಚಿತ್ರ ಆರಿಸುವಾಗ ನಾನು ನೋಡುವುದು ಒಂದನ್ನೇ: ತೆರೆಯ ಮೇಲೆ ಯಾರಾದರೂ ಮೈಮುರಿದು ದುಡಿಯುತ್ತಿದ್ದಾರೆಯೇ? ನೀರು ಹೊರುವುದು, ಸೌದೆ ಒಡೆಯುವುದು, ಗೋಡೆ ಕೆಡವುವುದು, ಗಾಯಗೊಂಡ ಹಕ್ಕಿಗೆ ಪಟ್ಟಿ ಕಟ್ಟುವುದು, ಏನಾದರೂ ಸರಿ. ಅದಿಲ್ಲದೆ ಬರೀ ಸೂರ್ಯೋದಯ, ಜಲಪಾತ ಇದ್ದರೆ ಅದು ಕ್ಯಾಲೆಂಡರಿಗೆ ಸಾಕು.

ಮೊದಲ ದಿನ ಬೆಳಗ್ಗೆ ಜಪಾನಿನ ಕನೆಟೊ ಶಿಂಡೊ ಅವರ ‘ದಿ ನೇಕೆಡ್ ಐಲೆಂಡ್’ (1960) ಹಾಕಿ. ಸುತ್ತ ಸಮುದ್ರ, ಕುಡಿಯಲು ಹನಿ ಸಿಹಿನೀರಿಲ್ಲದ ಪುಟ್ಟ ದ್ವೀಪ. ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು. ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ನೀರು ತುಂಬಿಕೊಂಡು, ಹೆಗಲ ಮೇಲೆ ಅಡ್ಡೆ ಹೊತ್ತು, ಕಡಿದಾದ ಗುಡ್ಡ ಹತ್ತಿ, ಗಿಡದ ಬುಡಕ್ಕೆ ಸೌಟು ಸೌಟಾಗಿ ಸುರಿಯುತ್ತಾರೆ. ಮಾತು ಇಲ್ಲವೆನ್ನುವಷ್ಟು ಕಡಿಮೆ. ಒಂದು ಸಲ ಹೆಂಡತಿ ಎಡವುತ್ತಾಳೆ, ಬಕೆಟ್ಟಿನ ನೀರು ಚೆಲ್ಲುತ್ತದೆ. ಗಂಡ ಹತ್ತಿರ ಬಂದು ಕಪಾಳಕ್ಕೆ ಹೊಡೆಯುತ್ತಾನೆ. ಆಕೆ ಎದ್ದು ಮತ್ತೆ ಕೆಲಸಕ್ಕೆ ತೊಡಗುತ್ತಾಳೆ. ಆ ಏಟಿನ ಬಗ್ಗೆ ಚಿತ್ರ ಏನನ್ನೂ ಹೇಳುವುದಿಲ್ಲ. ನೀವು ಮಾತ್ರ ಚರ್ಚೆಯಲ್ಲಿ ಸುಮ್ಮನಿರಬೇಡಿ. ನೀರಿನ ಬರ ಮನೆಯಲ್ಲಿ ಯಾರ ಕೆನ್ನೆಯ ಮೇಲೆ ಇಳಿಯುತ್ತದೆ ಎಂದು ಟ್ಯಾಂಕರಿಗೆ ಬಿಂದಿಗೆ ಸಾಲು ಹಚ್ಚುವ ಹೆಂಗಸರಿಗೆ ಗೊತ್ತು. 2024ರ ಬೇಸಿಗೆಯಲ್ಲಿ ಅಂಥ ಸಾಲನ್ನು ಈ ಊರಿನಲ್ಲಿ ಎಲ್ಲರೂ ನೋಡಿದ್ದೇವೆ.

ಮಧ್ಯಾಹ್ನಕ್ಕೆ ರ‍್ಯೂಸುಕೆ ಹಮಗುಚಿ ಅವರ ‘ಈವಿಲ್ ಡಸ್ ನಾಟ್ ಎಕ್ಸಿಸ್ಟ್’. 2023ರಲ್ಲಿ ವೆನಿಸ್ ಉತ್ಸವದಲ್ಲಿ ತೀರ್ಪುಗಾರರ ಮಹಾ ಬಹುಮಾನ ಪಡೆದ ಚಿತ್ರ. ಟೋಕಿಯೊದ ಕಂಪನಿಯೊಂದು ಕಾಡಂಚಿನ ಹಳ್ಳಿಯಲ್ಲಿ ಶ್ರೀಮಂತರಿಗಾಗಿ ಐಷಾರಾಮಿ ಡೇರೆಗಳ ತಾಣ ಕಟ್ಟಲು ಹೊರಡುತ್ತದೆ. ಊರವರ ಸಭೆಗೆ ಇಬ್ಬರು ನೌಕರರನ್ನು ಕಳಿಸುತ್ತದೆ. ಆ ಸಭೆಯೇ ಚಿತ್ರದ ಪ್ರಾಣ. ಯಾರೂ ಪ್ರಕೃತಿ ಮಾತೆ ಎನ್ನುವುದಿಲ್ಲ, ಘೋಷಣೆ ಕೂಗುವುದಿಲ್ಲ. ಸೆಪ್ಟಿಕ್ ಟ್ಯಾಂಕ್ ಎಲ್ಲಿ ಇಡುತ್ತೀರಿ, ಎಷ್ಟು ಜನರಿಗೆ ಸಾಲುವ ಟ್ಯಾಂಕ್ ಅದು, ಹೊರಗೆ ಬಿಟ್ಟ ನೀರು ನಮ್ಮ ಬಾವಿಗೆ ಬರುವುದಿಲ್ಲವೇ ಎಂದು ಒಬ್ಬೊಬ್ಬರಾಗಿ ಕೇಳುತ್ತಾರೆ. ಮೇಲಿನವರು ಮಾಡಿದ್ದು ಕೆಳಗಿನವರಿಗೆ ಹರಿದು ಬರುತ್ತದೆ ಎಂದು ಊರಿನ ಹಿರಿಯ ದನಿ ಏರಿಸದೆ ತಿಳಿಸುತ್ತಾನೆ. ನಮ್ಮ ಅಪಾರ್ಟ್‌ಮೆಂಟ್ ಸಂಘಗಳ ವಾರ್ಷಿಕ ಸಭೆಯಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದ ವಿಷಯ ಬಂದಾಗ ಅರ್ಧ ಜನ ಚಹಾಕ್ಕೆ ಎದ್ದು ಹೋಗುತ್ತಾರೆ. ಅವರನ್ನೂ ಕರೆಯಬಹುದಿತ್ತು, ಆದರೆ ಅದಕ್ಕೆ ಕಾನೂನಿನ ತೊಡಕಿದೆ. ಕೊನೆಯ ಉತ್ತರ ನೋಡಿ.

ಎರಡನೆಯ ದಿನಕ್ಕೆ ಪ್ರಾಂಶುಪಾಲರ ಮಾತಿಗೂ ಬೆಲೆ ಕೊಟ್ಟ ಹಾಗಾಗಲಿ, ಶೌನಕ್ ಸೇನ್ ಅವರ ಸಾಕ್ಷ್ಯಚಿತ್ರ ‘ಆಲ್ ದಟ್ ಬ್ರೀದ್ಸ್’ (2022) ಇರಲಿ. ದೆಹಲಿಯ ವಜೀರಾಬಾದಿನ ಇಬ್ಬರು ಅಣ್ಣತಮ್ಮಂದಿರು ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ಬಿದ್ದ ಹದ್ದುಗಳಿಗೆ ಚಿಕಿತ್ಸೆ ಕೊಡುತ್ತಾರೆ. ಇವು ಮಾಂಸ ತಿನ್ನುವ ಹಕ್ಕಿಗಳು ಎಂದು ಹಕ್ಕಿ ಆಸ್ಪತ್ರೆ ಸೇರಿಸಿಕೊಳ್ಳದೆ ಕಳಿಸಿದ್ದರಿಂದ ಶುರುವಾದ ಕೆಲಸ ಅದು. ಜೀವನೋಪಾಯಕ್ಕೆ ಅವರು ಸೋಪಿನ ಡಿಸ್ಪೆನ್ಸರ್ ತಯಾರಿಸುತ್ತಾರೆ. ಅದೇ ನೆಲಮಾಳಿಗೆಯಲ್ಲಿ ಹದ್ದುಗಳ ಆರೈಕೆಯೂ ನಡೆಯುತ್ತದೆ. ಜಾಗೃತಿ ಬೇಕಾದವರಿಗೆ ಇದರಲ್ಲಿ ಬೇಕಾದಷ್ಟಿದೆ.

ಒಂದು ವಿನಂತಿ: ಮುಖ್ಯ ಅತಿಥಿಗಳನ್ನು ಕರೆಯಲೇಬೇಕಾದರೆ ಚಿತ್ರ ಮುಗಿದ ಮೇಲೆ ಮಾತನಾಡಿಸಿ. ಮೊದಲೇ ಮಾತನಾಡಿದರೆ ಕಥೆಯನ್ನೆಲ್ಲ ಹೇಳಿಬಿಡುತ್ತಾರೆ. ಚಿತ್ರ ನೋಡದೆ ಬಂದವರಾದರೆ ಬೇರೆಯದೇ ಕಥೆ ಹೇಳುತ್ತಾರೆ.

ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ನೋಡಿದವನು ನಾನು. ಪಕ್ಕದ ಬೆಳ್ಳಂದೂರು ಕೆರೆಗೆ ಬೆಂಕಿಯೇ ಹತ್ತಿಕೊಂಡಿತ್ತು. ಮನೆ ಮುಂದೆ ಇಷ್ಟೆಲ್ಲ ಇರುವಾಗ ನಮ್ಮ ಮಕ್ಕಳಿಗೆ ಚೀನಾ, ಜಪಾನಿನ ನದಿ ತೋರಿಸುವ ಶೋಕಿ ಏಕೆ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ವರ್ತೂರು

ನಿಮ್ಮ ಸಿಟ್ಟು ನ್ಯಾಯವೇ, ರಾಯರೇ. ಆದರೂ ನಿಮ್ಮ ಮಾತಿಗೆ ತಲೆದೂಗಲಾರೆ. ಚೀನಾದ ಜಿಯಾ ಝಾಂಗ್‌ಕೆ ಅವರ ‘ಸ್ಟಿಲ್ ಲೈಫ್’ ನೋಡಿ ಬಂದು ಮತ್ತೊಮ್ಮೆ ಬರೆಯಿರಿ. 2006ರಲ್ಲಿ ವೆನಿಸ್ ಉತ್ಸವದ ಅತ್ಯುನ್ನತ ಪ್ರಶಸ್ತಿ, ಚಿನ್ನದ ಸಿಂಹ ಗೆದ್ದ ಚಿತ್ರ. ಯಾಂಗ್‌ಟ್ಸಿ ನದಿಯ ತ್ರೀ ಗಾರ್ಜಸ್ ಅಣೆಕಟ್ಟೆಯಿಂದ ಮುಳುಗುತ್ತಿರುವ ಫೆಂಗ್‌ಜಿಯೆ ಪಟ್ಟಣಕ್ಕೆ ಗಣಿ ಕಾರ್ಮಿಕನೊಬ್ಬ ಬರುತ್ತಾನೆ, ಎಷ್ಟೋ ವರ್ಷಗಳ ಹಿಂದೆ ಬಿಟ್ಟು ಹೋದ ಹೆಂಡತಿಯನ್ನು ಹುಡುಕಿಕೊಂಡು. ಕೈಯಲ್ಲಿ ವಿಳಾಸದ ಚೀಟಿ. ಮೋಟಾರು ಬೈಕಿನವನು ಹಣ ಪಡೆದು ಆ ಜಾಗಕ್ಕೇ ಕರೆದೊಯ್ಯುತ್ತಾನೆ. ಅಲ್ಲಿ ಬೀದಿಯಿಲ್ಲ, ನೀರಿದೆ. ಉಳಿದ ಕಟ್ಟಡಗಳನ್ನು ಕೂಲಿಯವರು ಸುತ್ತಿಗೆಯಿಂದ ಒಡೆಯುತ್ತಿರುತ್ತಾರೆ, ಅವನೂ ಅವರೊಂದಿಗೆ ಸೇರಿಕೊಳ್ಳುತ್ತಾನೆ. ಹತ್ತು ಯುವಾನಿನ ನೋಟಿನ ಹಿಂಬದಿಯಲ್ಲಿ ಆ ಕಣಿವೆಯ ಚಿತ್ರ ಅಚ್ಚಾಗಿದೆ. ಅವನು ನೋಟನ್ನು ಎತ್ತಿ ಹಿಡಿದು ಎದುರಿನ ಕಣಿವೆಗೆ ತಾಳೆ ನೋಡುವ ದೃಶ್ಯವನ್ನು ಯಾವ ಭಾಷಣವೂ ಸರಿಗಟ್ಟಲಾರದು.

ಇದು ಚೀನಾದ ಕಥೆ ಎನ್ನುತ್ತೀರಾ? ಸಾಗರ, ಹೊಸನಗರದ ಕಡೆಯವರನ್ನು ಕೇಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡಿತು. ತೋಟ, ಗದ್ದೆ, ಮನೆ ಬಿಟ್ಟು ಲಾರಿ ಹತ್ತಿದ ಕುಟುಂಬಗಳು ಇನ್ನೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಆ ನೀರಿನಿಂದ ಬಂದ ಕರೆಂಟಿನಲ್ಲಿ ಬೆಂಗಳೂರು ದೀಪ ಹಚ್ಚಿಕೊಂಡಿತು, ಕಾರ್ಖಾನೆ ಓಡಿಸಿತು. ನಾ. ಡಿಸೋಜ ಅವರ ಕಾದಂಬರಿಯಿಂದ ಗಿರೀಶ್ ಕಾಸರವಳ್ಳಿ ಮಾಡಿದ ‘ದ್ವೀಪ’ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು, ನಿರ್ಮಾಪಕಿಯೂ ನಾಯಕಿಯೂ ಸೌಂದರ್ಯ. ಸುತ್ತಲೂ ನೀರು ಏರುವಾಗ ಸಂಸಾರವನ್ನು ಹಿಡಿದು ನಿಲ್ಲಿಸುವವಳು ನಾಗಿ. ಕೊನೆಗೆ ಗಂಡ ಎಲ್ಲವನ್ನೂ ದೇವರ ದಯೆ ಎಂದುಬಿಡುತ್ತಾನೆ. ಅಲ್ಲಿ ನನಗೆ ಪ್ರತಿ ಸಲ ಮೈ ಉರಿಯುತ್ತದೆ.

ಏಷ್ಯಾದ ಉತ್ಸವದಲ್ಲಿ ‘ಸ್ಟಿಲ್ ಲೈಫ್’ ಮತ್ತು ‘ದ್ವೀಪ’ವನ್ನು ಬೆನ್ನುಬೆನ್ನಿಗೆ ಹಾಕಬೇಕೆಂದು ಕೆಂಗೇರಿಯ ಹುಡುಗಿಗೂ ಇಲ್ಲಿಂದಲೇ ಹೇಳುತ್ತಿದ್ದೇನೆ. ವರ್ತೂರಿನ ನೊರೆಯ ಬಗ್ಗೆ ದೊಡ್ಡ ಕಥಾಚಿತ್ರ ಬರಲಿ ಎಂಬ ಆಸೆ ನನ್ನದೂ ಹೌದು. ಅಲ್ಲಿಯವರೆಗೆ ನೀವೇ ಮೊಬೈಲಿನಲ್ಲಿ ಹಿಡಿದದ್ದೇನಾದರೂ ಇದ್ದರೆ ಕಾಲೇಜಿನವರಿಗೆ ಕೊಡಿ, ದೊಡ್ಡ ಚಿತ್ರಕ್ಕೆ ಮುಂಚೆ ಹಾಕುತ್ತಾರೆ.

ಮಗನ ಕಾಲೇಜಿನಲ್ಲಿ ಚಿತ್ರೋತ್ಸವಕ್ಕೆ ಹಾಜರಿ ಕಡ್ಡಾಯವಂತೆ. ಥಾಯ್ಲೆಂಡಿನ ಯಾವುದೋ ಕಾಡಿನ ಚಿತ್ರ ಹಾಕಿದರೆ ಅರ್ಧ ಗಂಟೆಯಲ್ಲಿ ನಿದ್ದೆ ಹೋದನಂತೆ. ಅಧ್ಯಾಪಕರು ಬೈದರಂತೆ. ತಪ್ಪು ಯಾರದು?
— ಗೃಹಿಣಿ, ಬಸವನಗುಡಿ

ಹಾಜರಿ ಹಾಕಿದವರದು. ಆ ಚಿತ್ರ ಅಪಿಚಾಟ್‌ಪಾಂಗ್ ವೀರಸೇತಕುಲ್ ಅವರದಾಗಿದ್ದರೆ ನಿರ್ದೇಶಕರ ಕಡೆಯಿಂದ ಮಗನಿಗೆ ಪೂರ್ಣ ಕ್ಷಮೆ ಇದೆ. ನನ್ನ ಚಿತ್ರ ನೋಡುತ್ತ ಮಲಗಿದರೆ ಬೇಸರವಿಲ್ಲ ಎನ್ನುವ ಮನುಷ್ಯ ಆತ. 2018ರ ರಾಟರ್‌ಡ್ಯಾಮ್ ಉತ್ಸವದಲ್ಲಿ ಪ್ರೇಕ್ಷಕರು ರಾತ್ರಿ ಮಲಗುತ್ತಲೇ ನೋಡಲೆಂದು ಹಾಸಿಗೆ ಹಾಕಿದ ಹೋಟೆಲನ್ನೇ ರೂಪಿಸಿದ್ದರು. ಗೊರಕೆ ಮಾತ್ರ ಬೇಡವೆಂದು ಹೇಳಿ.

ಪಕ್ಕದ ಪ್ರೌಢಶಾಲೆಯ ಮಕ್ಕಳನ್ನೂ ಕರೆತರುವ ಯೋಚನೆ ಇದೆ. ಅವರಿಗೇನು ತೋರಿಸಲಿ?
— ಉಪನ್ಯಾಸಕ, ಯಲಹಂಕ

ಮಂಗೋಲಿಯಾದ ಗೋಬಿ ಮರುಭೂಮಿಯ ‘ದಿ ಸ್ಟೋರಿ ಆಫ್ ದಿ ವೀಪಿಂಗ್ ಕ್ಯಾಮೆಲ್’ (2003). ಹೆರಿಗೆಯಲ್ಲಿ ನೊಂದ ತಾಯಿ ಒಂಟೆ ತನ್ನ ಬಿಳಿ ಮರಿಗೆ ಹಾಲು ಕೊಡದೆ ಒದೆಯುತ್ತದೆ. ವಾದ್ಯ ನುಡಿಸುವವನನ್ನು ಕರೆಸಿ, ಹಾಡಿಸಿ, ತಾಯಿಯನ್ನು ಒಲಿಸುತ್ತಾರೆ. ವಿದ್ಯಾರ್ಥಿಗಳಾಗಿದ್ದಾಗ ಇಬ್ಬರು ಮಾಡಿದ ಚಿತ್ರ ಎಂಬುದನ್ನೂ ಮಕ್ಕಳಿಗೆ ಹೇಳಿ. ಜಪಾನಿನ ಇಸಾವೊ ತಕಹಟ ಅವರ ಅನಿಮೇಷನ್ ಚಿತ್ರ ‘ಪಾಮ್ ಪೊಕೊ’ (1994) ಕೂಡ ಸೊಗಸಾದದ್ದೇ. ಟೋಕಿಯೊ ಬೆಳೆದು ಬೆಟ್ಟ ನುಂಗಿದಾಗ ಅಲ್ಲಿನ ತನುಕಿ ಎಂಬ, ನಾಯಿಯ ಜಾತಿಗೆ ಸೇರಿದ ಕಾಡುಪ್ರಾಣಿಗಳು ರೂಪ ಬದಲಿಸಿ ಹೋರಾಡಿ ಸೋಲುತ್ತವೆ. ಕೆಲವು ಮನುಷ್ಯರ ವೇಷದಲ್ಲೇ ಉಳಿದು ಬೆಳಗ್ಗೆ ಕಚೇರಿಗೆ ಹೋಗುತ್ತವೆ. ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ನನಗೆ ಅಂಥ ಮುಖಗಳು ಕಂಡಿದ್ದುಂಟು. ಆದರೆ ಆ ಪ್ರಾಣಿಗಳ ವೃಷಣಗಳು ಜಪಾನಿನ ಜನಪದ ಕಥೆಗಳಲ್ಲಿರುವಂತೆಯೇ ಹಿಗ್ಗಿ ಆಯುಧಗಳಾಗುತ್ತವೆ. ಮಕ್ಕಳು ನಗುತ್ತಾರೆ, ಜೊತೆಗೆ ಬಂದ ಶಿಕ್ಷಕರು ಎಲ್ಲಿ ನೋಡಬೇಕೆಂದು ತಿಳಿಯದೆ ಕೂರುತ್ತಾರೆ. ಅವರಿಗೆ ಮೊದಲೇ ತಿಳಿಸಿಬಿಡಿ.

ಓಟಿಟಿ ಚಂದಾ ಇದೆ. ಅದರಲ್ಲೇ ಸಭಾಂಗಣದಲ್ಲಿ ಚಿತ್ರ ತೋರಿಸಿದರೆ ತೊಂದರೆಯೇ?
— ಚಿತ್ರ ಬಳಗದ ಸಂಚಾಲಕ, ಜಯನಗರ

ಆ ಚಂದಾ ನಿಮ್ಮ ಮನೆಯ ನೋಟಕ್ಕೆ ಕೊಟ್ಟದ್ದು, ಸಭಾಂಗಣಕ್ಕಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಇದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿರಬೇಕು, ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಹೆತ್ತವರು, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ‘ಎಲ್ಲರಿಗೂ ಸ್ವಾಗತ’ ಎಂದು ಗೇಟಿಗೆ ಫಲಕ ಕಟ್ಟಿದರೆ ಆ ನೆರಳು ತಪ್ಪುತ್ತದೆ. ಆಗ ಹಕ್ಕುದಾರರ ಅನುಮತಿ ಬೇಕು. ಸೆನ್ಸಾರ್ ಪ್ರಮಾಣಪತ್ರವಿಲ್ಲದ ವಿದೇಶಿ ಚಿತ್ರವಾದರೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ಉತ್ಸವದ ವಿನಾಯಿತಿಯೂ ಬೇಕು. ಯಲಹಂಕದ ಉಪನ್ಯಾಸಕರು ಪಕ್ಕದ ಶಾಲೆಯ ಮಕ್ಕಳನ್ನು ಕರೆಯುವ ಮುನ್ನ ಇದನ್ನು ಓದಲಿ. ಹಕ್ಕುದಾರರಿಗೆ ನೇರವಾಗಿ ಬರೆಯಿರಿ, ಎಷ್ಟು ಜನ, ಟಿಕೆಟ್ ಇದೆಯೋ ಇಲ್ಲವೋ ತಿಳಿಸಿ. ಉತ್ತರ ಕೈಗೆ ಬರುವವರೆಗೆ ಪೋಸ್ಟರ್ ಅಚ್ಚು ಹಾಕಿಸಬೇಡಿ.