ಓದುಗರ ಪ್ರಶ್ನೆ: ಇಂಗ್ಲಿಷ್ ಪತ್ರದಲ್ಲಿ ಮರ್ಯಾದೆಯ ಮಾತು

ಪ್ರಶ್ನೆ (ಸಾಗರದಿಂದ): ಅಡಿಕೆ ಮಂಡಿಯಲ್ಲಿ ಪತ್ರವ್ಯವಹಾರ ನನ್ನ ಕೆಲಸ. ರಾಶಿ, ಬೆಟ್ಟೆ ಸ್ಯಾಂಪಲ್ ಕಳಿಸಿದ ಮೇಲೆ ಹೊರರಾಜ್ಯದ ಖರೀದಿದಾರರಿಗೆ ‘ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಎಂದು ಬರೆಯುತ್ತೇನೆ. ‘ಹಿಯರಿಂಗ್’ ಆಗಬೇಕು ಅನ್ನುತ್ತಾರೆ. ‘ಟು’ ಆದ ಮೇಲೆ ಕ್ರಿಯಾಪದದ ಮೂಲರೂಪ ಅಂತಲ್ಲವೇ ಶಾಲೆಯಲ್ಲಿ ಕಲಿಸಿದ್ದು?

ಉತ್ತರ: ‘ಹಿಯರಿಂಗ್’ ಎಂಬುದೇ ಸರಿ. ಶಾಲೆಯ ಪಾಠವೂ ಸುಳ್ಳಲ್ಲ, ಅರ್ಧ ಮಾತ್ರ. ಇಂಗ್ಲಿಷಿನಲ್ಲಿ ‘ಟು’ ಎರಡು ಬಗೆ. ‘ಐ ವಾಂಟ್ ಟು ಹಿಯರ್’ ಎಂಬಲ್ಲಿ ಅದು ಕ್ರಿಯಾಪದಕ್ಕೆ ಅಂಟಿಕೊಂಡದ್ದು. ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿ ಅದು ಪ್ರಿಪೊಸಿಷನ್. ಅದರ ಮುಂದೆ ಬರಬೇಕಾದ್ದು ನಾಮಪದ. ಕ್ರಿಯಾಪದ ಬರಲೇಬೇಕಿದ್ದರೆ ‘ಇಂಗ್’ ಹಚ್ಚಿಕೊಂಡು ನಾಮಪದದ ವೇಷದಲ್ಲಿ ಬರಬೇಕು.

ಅನುಮಾನ ಬಂದಾಗ ಆ ಜಾಗಕ್ಕೆ ‘ಯುವರ್ ರಿಪ್ಲೈ’ ಹಾಕಿ ನೋಡಿ. ‘ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಸರಿಹೋಗುತ್ತದೆ, ಹಾಗಾಗಿ ‘ಇಂಗ್’ ಬೇಕು. ‘ಐ ವಾಂಟ್ ಟು ಯುವರ್ ರಿಪ್ಲೈ’ ಸರಿಹೋಗುವುದಿಲ್ಲ, ಹಾಗಾಗಿ ಮೂಲರೂಪ. ‘ವಿ ಆರ್ ಕಮಿಟೆಡ್ ಟು ಡೆಲಿವರಿಂಗ್ ಆನ್ ಟೈಮ್’, ‘ವಿ ಆಬ್ಜೆಕ್ಟ್ ಟು ಪೇಯಿಂಗ್ ಟ್ವೈಸ್’ ಇವಕ್ಕೂ ಇದೇ ಲೆಕ್ಕ.

‘ಐ ಆಮ್ ಲುಕಿಂಗ್ ಫಾರ್ವರ್ಡ್’ ಕೂಡ ತಪ್ಪಲ್ಲ. ಸ್ವಲ್ಪ ಸಲುಗೆಯ ದನಿ, ಅಷ್ಟೆ. ಆದರೆ ‘ಐ ಆಮ್’ ಬಿಟ್ಟು ಬರೀ ‘ಲುಕಿಂಗ್ ಫಾರ್ವರ್ಡ್…’ ಎಂದರೆ ವಾಕ್ಯಕ್ಕೆ ಕರ್ತೃವೇ ಇಲ್ಲ. ‘ಥ್ಯಾಂಕಿಂಗ್ ಯು’ ಎಂಬುದರ ಕತೆಯೂ ಅದೇ. ‘ಥ್ಯಾಂಕ್ ಯು’ ಎಂದು ಬರೆದು ಫುಲ್‌ಸ್ಟಾಪ್ ಇಡಿ, ಮುಗಿಯಿತು.

ಪ್ರಶ್ನೆ (ಶಿವಮೊಗ್ಗದ ಫೌಂಡ್ರಿ ನೌಕರರಿಂದ): ‘ಕೈಂಡ್ಲಿ ರಿವರ್ಟ್ ಬ್ಯಾಕ್ ಅಂಡ್ ಡು ದಿ ನೀಡ್‌ಫುಲ್’ ಎಂದರೆ ವಿದೇಶದವರಿಗೆ ಅರ್ಥವಾಗುತ್ತದೆಯೇ?

ಉತ್ತರ: ‘ರಿವರ್ಟ್’ ಎಂದರೆ ಹಿಂದಿನ ಸ್ಥಿತಿಗೆ ಮರಳುವುದು. ಉತ್ತರಿಸುವುದು ಎಂಬ ಅರ್ಥ ನಮ್ಮ ದೇಶದ ಆಫೀಸುಗಳಲ್ಲಿ, ಸಿಂಗಪುರ, ಮಲೇಷ್ಯಾ ಕಡೆ ನಡೆಯುತ್ತದೆ, ಅಮೆರಿಕದವರು ತಬ್ಬಿಬ್ಬಾಗಬಹುದು. ‘ಬ್ಯಾಕ್’ ಅಂತೂ ಎಲ್ಲಿಯೂ ಬೇಡ. ‘ರಿಪ್ಲೈ’ ಎನ್ನಿ.

‘ಡು ದಿ ನೀಡ್‌ಫುಲ್’ ವ್ಯಾಕರಣಕ್ಕೆ ತಪ್ಪಲ್ಲ, ಹಳೆಯ ಬ್ರಿಟಿಷ್ ಕಚೇರಿಯ ಮಾತು. ತೊಂದರೆ ಏನೆಂದರೆ, ಏನು ಮಾಡಬೇಕು, ಯಾವಾಗಿನೊಳಗೆ ಎಂಬುದೇ ಅದರಲ್ಲಿಲ್ಲ. ಬೇಕಾದ್ದನ್ನು ಬಾಯಿಬಿಟ್ಟು ಕೇಳಿ: ‘ಕುಡ್ ಯು ಪ್ಲೀಸ್ ಸೆಂಡ್ ಅಸ್ ದಿ ಸೈನ್ಡ್ ಡ್ರಾಯಿಂಗ್ ಬೈ ಫ್ರೈಡೇ?’ ಇಲ್ಲಿ ‘ಟಿಲ್ ಫ್ರೈಡೇ’ ಹಾಕಬೇಡಿ. ಅದು ಶುಕ್ರವಾರದವರೆಗೂ ಕಳಿಸುತ್ತಲೇ ಇರಿ ಎಂದಾಗುತ್ತದೆ. ತಾರೀಖು ಕೊಡುವುದಾದರೆ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ನಮಗೆ 5/6 ಎಂದರೆ ಜೂನ್ 5, ಅಮೆರಿಕದವರಿಗೆ ಮೇ 6. ಎರಕದ ಆರ್ಡರಿನಲ್ಲಿ ಒಂದು ತಿಂಗಳ ವ್ಯತ್ಯಾಸ ಸಣ್ಣದಲ್ಲ.

ಪ್ರಶ್ನೆ (ತೀರ್ಥಹಳ್ಳಿಯಿಂದ): ಹೋಮ್‌ಸ್ಟೇ ಮುಂಗಡಕ್ಕಾಗಿ ‘ವಿ ವುಡ್ ಅಪ್ರಿಶಿಯೇಟ್ ಇಫ್ ಯು ಪೇ ದಿ ಅಡ್ವಾನ್ಸ್’ ಎಂದು ಬರೆಯಬಹುದೇ?

ಉತ್ತರ: ಒಂದು ‘ಇಟ್’ ಬಿಟ್ಟುಹೋಗಿದೆ. ‘ಅಪ್ರಿಶಿಯೇಟ್’ ಸಕರ್ಮಕ ಕ್ರಿಯಾಪದ, ಕರ್ಮ ಬೇಕೇ ಬೇಕು: ‘ವಿ ವುಡ್ ಅಪ್ರಿಶಿಯೇಟ್ ಇಟ್ ಇಫ್ ಯು ಕುಡ್ ಪೇ ದಿ ಅಡ್ವಾನ್ಸ್’. ‘ವಿ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್…’ ಎಂದರೆ ‘ಇಟ್’ ಬೇಕಿಲ್ಲ. ಸ್ಪೆಲಿಂಗ್ ಮಾತ್ರ ಜಿ-ಆರ್-ಎ-ಟಿ-ಇ. ‘ಗ್ರೇಟ್’ ಪದದಂತೆ ಬರೆದವರೇ ಹೆಚ್ಚು. ಅಂದಹಾಗೆ ‘ಕೈಂಡ್ಲಿ’, ‘ಪ್ಲೀಸ್’ ಎರಡನ್ನೂ ಒಟ್ಟಿಗೆ ಹಾಕಿದರೆ ವಿನಯ ಹೆಚ್ಚುವುದಿಲ್ಲ.

ಪ್ರಶ್ನೆ (ಶಿಕಾರಿಪುರದಿಂದ): ‘ಯುವರ್ಸ್ ಫೇತ್‌ಫುಲಿ’ ಯಾವಾಗ, ‘ಯುವರ್ಸ್ ಸಿನ್ಸಿಯರ್ಲಿ’ ಯಾವಾಗ?

ಉತ್ತರ: ಬ್ರಿಟಿಷ್ ಪದ್ಧತಿಯಲ್ಲಿ ‘ಡಿಯರ್ ಸರ್’ ಅಥವಾ ‘ಡಿಯರ್ ಮೇಡಂ’ ಎಂದು ಶುರುಮಾಡಿದರೆ ‘ಫೇತ್‌ಫುಲಿ’, ಹೆಸರು ಹಿಡಿದು ಶುರುಮಾಡಿದರೆ ‘ಸಿನ್ಸಿಯರ್ಲಿ’. ಮೊದಲ ಪದಕ್ಕೆ ಮಾತ್ರ ದೊಡ್ಡ ಅಕ್ಷರ. ‘ಯುವರ್ಸ್’ ನಡುವೆ ಅಪಾಸ್ಟ್ರಫಿ ಬರುವುದಿಲ್ಲ.